ಹದಿನೇಳರ ಕಿರುಬೆರಳು

ನನಗೆ ಬೇಡ ಎನ್ನಲು ಬರುವುದಿಲ್ಲ. ತಂಪಾನೂರಿನ ರೈಲು ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಮೂರನೆಯ ಪಳಂಪೊರಿಯನ್ನು ಕಚ್ಚುತ್ತ ಇದನ್ನು ನನಗೆ ನಾನೇ ಒಪ್ಪಿಕೊಂಡೆ. ಹಸಿವಿರಲಿಲ್ಲ. ಕರಿದ ಬಾಳೆಹಣ್ಣು ಗಂಟಲಲ್ಲಿ ಇಳಿಯುತ್ತಲೂ ಇರಲಿಲ್ಲ. ಅಂಗಡಿಯವನು ಚಿಮಟದಲ್ಲಿ ಇನ್ನೊಂದನ್ನು ಎತ್ತಿ ತೋರಿಸಿದಾಗ ನನ್ನ ತಲೆ ತಾನಾಗಿಯೇ ಆಡಿತ್ತು, ಅಷ್ಟೆ.

ಎದುರಿನ ಬೆಂಚಿನಲ್ಲಿದ್ದ ಜುಬೈದಾ ಮೇಡಂ ಅದನ್ನು ನೋಡಿದರು.

"ಬೇಕಿತ್ತಾ ನಿಂಗೆ ಅದು?"

"ಹ್ಞೂಂ."

"ಸುಳ್ಳು. ಬಾಯಿ ಹ್ಞೂಂ ಅಂತದೆ, ಕೈ ತಟ್ಟೆಯನ್ನು ಆಚೆ ದೂಡ್ತಾ ಉಂಟು."

ನಾನು ಕೈಯನ್ನು ಮಡಿಲಿಗೆ ಎಳೆದುಕೊಂಡೆ. ಕಾಸರಗೋಡಿನ ಈ ಹೆಂಗಸು ಕೊಚ್ಚಿಯ ಕಸ್ಟಮ್ಸ್ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಜನರ ಪೆಟ್ಟಿಗೆ ಬಿಚ್ಚಿಸಿ ನಿವೃತ್ತರಾದವರು. ಈಗ ಖಾಸಗಿ ಪತ್ತೇದಾರಿ. ನಿನ್ನೆ ಫೋನು ಮಾಡಿ, "ನಾಳೆ ಏಳೂವರೆಗೆ ತಂಪಾನೂರಲ್ಲಿ ಸಿಗ್ತೀಯಾ" ಎಂದು ಕೇಳಿದಾಗ, ಯಾಕೆ ಎಂದು ಕೇಳುವ ಮೊದಲೇ ನಾನು ಸರಿ ಎಂದುಬಿಟ್ಟಿದ್ದೆ.

ಯಾಕೆ ಎಂಬುದು ನನಗೆ ಗೊತ್ತಿತ್ತು. ಹನ್ನೊಂದು ದಿನಗಳ ಹಿಂದೆ, ಬೆಳಗಿನ ಆರೂ ಹತ್ತಕ್ಕೆ, ಇದೇ ತಿರುವನಂತಪುರದ ಅಂಚಿನ ಒಂದು ಗಾಲ್ಫ್ ಅಭ್ಯಾಸ ಮೈದಾನದಲ್ಲಿ ತರಬೇತುದಾರ ಹಯವದನ ಅವರ ತಲೆಗೆ ಯಾರೋ ಗಾಲ್ಫ್ ಕೋಲಿನಿಂದ ಹೊಡೆದಿದ್ದರು. ಅವರಿನ್ನೂ ಕಣ್ಣು ಬಿಟ್ಟಿಲ್ಲ. ಅವರ ಶಿಷ್ಯ ಸಮರ್ಥ್ ಜೈಲಿನಲ್ಲಿದ್ದಾನೆ. ಅವನನ್ನು ಅಲ್ಲೇ ಉಳಿಸುವ ಕಾಗದಕ್ಕೆ ಇವತ್ತು ನಾನು ಸಹಿ ಹಾಕಬೇಕು.

"ನಾಳೆ ಅವನ ಜಾಮೀನಿನ ಅರ್ಜಿ ಕೋರ್ಟಿಗೆ ಬರ್ತದೆ," ಎಂದರು ಜುಬೈದಾ. "ನಿನ್ನ ಸಹಿ ಬಿದ್ರೆ ಜಾಮೀನು ಇಲ್ಲ. ಅವನ ಅಕ್ಕ ನನ್ನ ಮನೆ ಬಾಗಿಲಲ್ಲಿ ಕೂತು ಅಳ್ತಾಳೆ. ನನಗೆ ಅಳುವವರನ್ನು ಕಂಡ್ರೆ ಆಗುದಿಲ್ಲ. ಹಾಗಾಗಿ ನೀನು ಈಗ ಮಾತಾಡ್ಬೇಕು."

"ಏನು?"

"ಕೈ. ನೀನು ಕೈ ನೋಡುವ ಕೆಲಸದವಳಲ್ವಾ?"

ಅದು ನಿಜ. ಕೊಚ್ಚಿಯ ಕಾಕ್ಕನಾಡ್‌ನ ಒಂದು ಕಟ್ಟಡದ ಆರನೆಯ ಮಹಡಿಯಲ್ಲಿ ಮಣಿಬಂಧ ಲ್ಯಾಬ್ಸ್ ಎಂಬ ನಮ್ಮ ಕಂಪನಿ. ಗಾಲ್ಫ್ ಆಡುವವರ ಕೈಯನ್ನು ಓದುವ ಯಂತ್ರವನ್ನು ಅಲ್ಲಿ ಮಾಡುತ್ತಾರೆ. ಮೈದಾನದ ಕ್ಯಾಮೆರಾ ಆಟಗಾರನ ಮೊಣಕೈಯಿಂದ ಕೋಲಿನವರೆಗೆ ಮಾತ್ರ ಹಿಡಿಯುತ್ತದೆ. ಮುಖವಿಲ್ಲ, ಹೆಸರಿಲ್ಲ, ಬರೀ ನಂಬರು. ಒಂದೂವರೆ ವರ್ಷದಿಂದ ನಾನು ದಿನಕ್ಕೆ ಇನ್ನೂರು ಜೊತೆ ಕೈಗಳನ್ನು ನೋಡಿ, ಮಣಿಕಟ್ಟು ಯಾವ ಕ್ಷಣದಲ್ಲಿ ಹೇಗಿದೆ ಎಂದು ಗುರುತು ಹಾಕುತ್ತೇನೆ. ಮನಃಶಾಸ್ತ್ರದ ಪದವಿ ಪಡೆದು ಇಂಥ ಕೆಲಸ ಯಾಕೆ ಎಂದು ಅಪ್ಪ ಆಗಾಗ ಕೇಳುತ್ತಾರೆ. ಯಾರ ಮುಖವನ್ನೂ ನೋಡಬೇಕಾಗಿಲ್ಲವಲ್ಲ ಎಂದು ಅವರಿಗೆ ಹೇಗೆ ಹೇಳುವುದು?

ಜುಬೈದಾ ತಮ್ಮ ಕೊಡೆಯನ್ನು ಮೇಜಿನ ಮೇಲಿಟ್ಟರು. "ತೋರಿಸು. ನನಗೆ ಗಾಲ್ಫ್ ಅಂದ್ರೆ ದೊಡ್ಡವರು ನಡೆದಾಡುವ ಹುಲ್ಲು. ಅಷ್ಟೇ ಗೊತ್ತಿರುದು."

ನಾನು ಎದ್ದೆ. ಕೊಡೆಯ ಹಿಡಿಯನ್ನು ಎಡಗೈಯಲ್ಲಿ ಹಿಡಿದೆ. ವಿಚಿತ್ರವೆಂದರೆ, ಕೈಗಳ ವಿಷಯ ಬಂದರೆ ನನ್ನ ನಾಲಿಗೆ ತಡವರಿಸುವುದಿಲ್ಲ.

"ಎಡಗೈ ಮೇಲೆ, ಬಲಗೈ ಕೆಳಗೆ. ಗಟ್ಟಿ ಹಿಡೀಬಾರ್ದು. ಎಡಗೈಯ ಕೊನೆಯ ಮೂರು ಬೆರಳು ಹಿಡ್ಕೊಂಡ್ರೆ ಸಾಕು, ಮಿಕ್ಕವು ಸುಮ್ನೆ ಜೊತೆಗಿರ್ತವೆ. ಕೋಲು ಮೇಲೆ ಹೋಗ್ತಾ ಮಣಿಕಟ್ಟು ಕೀಲಿನ ಹಾಗೆ ಮಡಚುತ್ತೆ, ಹೆಬ್ಬೆರಳು ತೋಳಿನ ಕಡೆಗೆ ಬರುತ್ತೆ. ಈಗ ನೋಡಿ, ಪೂರ್ತಿ ಮೇಲೆ ಹೋದಾಗ."

ಕೊಡೆ ನನ್ನ ಬಲಭುಜದ ಮೇಲಿತ್ತು. ಪಕ್ಕದ ಮೇಜಿನವನು ತನ್ನ ಚಹಾ ಲೋಟವನ್ನು ಬೇಗ ಆಚೆ ಸರಿಸಿಕೊಂಡ.

"ಎಡಗೈಯ ಹಿಂಭಾಗವೂ ಮುಂಗೈಯೂ ಒಂದೇ ಗೆರೇಲಿದ್ರೆ ಅದು ಸಮ. ಚೆಂಡು ನೇರ ಹೋಗುತ್ತೆ. ಕೈ ಹಿಂದಕ್ಕೆ ಬಾಗಿ ಮಣಿಕಟ್ಟಲ್ಲಿ ಕುಳಿ ಬಿದ್ರೆ," ನಾನು ಬಾಗಿಸಿ ತೋರಿಸಿದೆ, "ಅದು ಬಟ್ಟಲು. ಆಫೀಸಲ್ಲಿ ಕಪ್ ಅಂತಾರೆ. ಕೋಲಿನ ಮುಖ ತೆರ್ಕೊಂಡುಬಿಡುತ್ತೆ, ಚೆಂಡು ಬಲಕ್ಕೆ ಓಡುತ್ತೆ. ಕೆಳಗೆ ಬರುವಾಗ ಆ ಮಡಿಕೆಯನ್ನ ಕೊನೇವರೆಗೂ ಬಿಚ್ಚಬಾರ್ದು. ಗಾಳ ಎಸೆಯೋರ ಥರ ಮೊದಲೇ ಬಿಚ್ಚಿದ್ರೆ ಶಕ್ತಿಯೆಲ್ಲ ದಾರೀಲೇ ಚೆಲ್ಲಿಹೋಗುತ್ತೆ."

"ಅಬ್ಬ! ಈ ಹುಡುಗಿಗೆ ಬಾಯಿ ಉಂಟು," ಎಂದರು ಜುಬೈದಾ.

ನನಗೆ ನಾಚಿಕೆಯಾಗಿ ಕೂತುಬಿಟ್ಟೆ.

"ಸಮರ್ಥನ ಕೈ ಎಂಥದ್ದು?"

"ಸಮ. ಅವರ ನಂಬರು ಒಂಬತ್ತು ಅಂತ ಕೇಸಾದ್ಮೇಲೆ ಗೊತ್ತಾಯ್ತು. ಸಮರ್ಥ್ ಕೈಗವಸಿನೊಳಗೆ ಹಯವದನ ಸರ್ ಶಾಲೆಯ ಮರದ ಸ್ಕೇಲನ್ನ ತೂರಿಸಿ ಆಡಿಸ್ತಿದ್ರು. ಕೈ ಬಾಗಿದ್ರೆ ಸ್ಕೇಲು ಒತ್ತುತ್ತೆ. ಒಂದೂವರೆ ವರ್ಷ ಹಾಗೆ ಆಡಿದ ಕೈ ಅದು."

"ಆ ನಾಲ್ಕು ಸೆಕೆಂಡಿನ ವಿಡಿಯೋದಲ್ಲಿ ಇದ್ದದ್ದು?"

ನಾನು ಕೊಡೆಯನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದೆ.

ಆ ವಿಡಿಯೋ ಹನ್ನೊಂದು ದಿನಗಳ ಹಿಂದೆ, ಬೇರೆ ನೂರಾರು ತುಣುಕುಗಳ ಜೊತೆ ನನ್ನ ಪರದೆಗೆ ಬಂದಿತ್ತು. ಬೂದು ಬಣ್ಣದ ಮಳೆಯಂಗಿಯ ತೋಳು, ಎಡಗೈಗೆ ಬಿಳಿಯ ಕೈಗವಸು. ಕೋಲು ಮೇಲೆ ಹೋಯಿತು, ಕೆಳಗೆ ಬಂತು. ಶಬ್ದವಿಲ್ಲ. ಅದು ಒಬ್ಬ ಮನುಷ್ಯನ ಮೇಲೆ ಬಿದ್ದ ಏಟು ಎಂದು ನನಗೆ ಗೊತ್ತಿರಲಿಲ್ಲ. "ಚೆಂಡು ಕಾಣುತ್ತಿಲ್ಲ" ಎಂದು ಷರಾ ಬರೆದಿದ್ದೆ.

ಮಣಿಕಟ್ಟಿನ ಕಾಲಮ್ಮಿನಲ್ಲಿ ನಾನು ಮೊದಲು ತುಂಬಿದ್ದು ಬಟ್ಟಲು ಎಂದೇ. ಹತ್ತು ನಿಮಿಷದಲ್ಲಿ ನಮ್ಮ ತಂಡದ ಮುಖ್ಯಸ್ಥೆ ಧನಶ್ರೀ ಅದನ್ನು ಸಮ ಎಂದು ತಿದ್ದಿ ವಾಪಸು ಕಳಿಸಿದಳು. ಹೀಗೆ ಇಬ್ಬರ ಗುರುತು ಬೇರೆಯಾದರೆ ಪರದೆಯ ಅಡಿಯಲ್ಲಿ ಎರಡು ಗುಂಡಿಗಳು ಮೂಡುತ್ತವೆ. ಒಂದು, ಒಪ್ಪಿದೆ. ಇನ್ನೊಂದು, ಒಪ್ಪುವುದಿಲ್ಲ. ಎರಡನೆಯದನ್ನು ಒತ್ತಿದರೆ ಕಾರಣ ಬರೆಯಬೇಕು, ಸಭೆಯಲ್ಲಿ ಎಲ್ಲರೆದುರು ಮಾತಾಡಬೇಕು. ಒಂದೂವರೆ ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಒತ್ತಿಲ್ಲ. ಕಂಪನಿಯಲ್ಲಿ ನನಗೆ ಒಳ್ಳೆಯ ಹೆಸರಿದೆ. ನೂರಕ್ಕೆ ನೂರು ಒಪ್ಪಿಗೆ.

ಆ ದಿನವೂ ಒಪ್ಪಿದೆ ಎಂದು ಒತ್ತಿದೆ. ಪೊಲೀಸರು ಆ ಕೈ ಯಾರದೆಂದು ಕೇಳಿದಾಗ ಯಂತ್ರ ನಮ್ಮ ಗುರುತುಗಳನ್ನು ಹಿಡಿದು ಹುಡುಕಿ, ಸಮವಾದ ಮಣಿಕಟ್ಟಿನ ಒಂಬತ್ತನೆಯವನನ್ನು ಎತ್ತಿ ಕೊಟ್ಟಿತು.

"ಸಮ ಅಂತ ದಾಖಲಾಗಿದೆ," ಎಂದೆ ಜುಬೈದಾ ಅವರಿಗೆ.

"ನಾನು ದಾಖಲೆ ಕೇಳ್ಲಿಲ್ಲ ಮಾರಾಯ್ತಿ."

ಅವರು ನನ್ನನ್ನೇ ನೋಡುತ್ತಿದ್ದರು. ನಾನು ಅವರ ಕೈಯನ್ನು ನೋಡಿದೆ. ಗಿಡ್ಡ ಬೆರಳುಗಳು, ಸವೆದ ಬೆಳ್ಳಿಯುಂಗುರ. ಆ ಕೈ ಚೀಲದಿಂದ ಒಂದು ಹಾಳೆಯನ್ನು ತೆಗೆಯಿತು.

"ಇದು ನಿಮ್ಮ ಕಂಪನಿ ಪೊಲೀಸರಿಗೆ ಕೊಟ್ಟ ಪಟ್ಟಿ. ಯಂತ್ರ ಹುಡುಕಿದ್ದು ಇಷ್ಟು ಜನರ ಒಳಗೆ. ಸರಿಯಾಗಿ ಉಂಟಾ ನೋಡು."

ನೋಡಿದೆ. ಒಂದರಿಂದ ಹದಿನಾರು. ಎದುರಿಗೆ ಹೆಸರುಗಳು.

ಹದಿನಾರು!

ನನ್ನ ಕೈಚೀಲದಲ್ಲಿ, ಟಿಫಿನ್ ಡಬ್ಬಿಯ ಅಡಿಯಲ್ಲಿ ನನ್ನ ದಿನಚರಿ ಇತ್ತು. ಅದರಲ್ಲಿ ಹದಿನೇಳನೆಯವನೊಬ್ಬ ಇದ್ದಾನೆ. ಅವನ ಮುನ್ನೂರ ಹನ್ನೆರಡು ತುಣುಕುಗಳನ್ನು ನಾನು ನೋಡಿದ್ದೇನೆ. ಮೇಲೆ ಹೋದಾಗ ಅವನ ಎಡ ಮಣಿಕಟ್ಟು ಆಳವಾದ ಬಟ್ಟಲಾಗುತ್ತದೆ. ಕೆಳಗಿಳಿಯುವ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ಅವನ ಎಡಗೈಯ ಕಿರುಬೆರಳು ಕೋಲನ್ನು ಬಿಟ್ಟು ಮೇಲೇಳುತ್ತದೆ, ಮತ್ತೆ ಹಿಡಿಯುತ್ತದೆ. ಬಿಸಿ ಲೋಟ ಮುಟ್ಟಿದ ಹಾಗೆ. ಕಿರುಬೆರಳಿಗೆ ನಮ್ಮ ತಂತ್ರಾಂಶದಲ್ಲಿ ಕಾಲಂ ಇಲ್ಲ. ಆದ್ದರಿಂದ ಯಂತ್ರಕ್ಕೆ ಅದು ಗೊತ್ತಿಲ್ಲ. ನನಗೆ ಮಾತ್ರ ಗೊತ್ತು.

ಹನ್ನೊಂದು ದಿನಗಳ ಹಿಂದಿನ ಪುಟದಲ್ಲಿ ನಾನು ಬರೆದಿದ್ದೆ: "ಬಟ್ಟಲು, ಆಳ. ಕಿರುಬೆರಳು ಎದ್ದಿತು. ಹದಿನೇಳೇ? ಧ. ಸಮ ಎಂದಳು. ಒಪ್ಪಿದೆ."

"ಎಂತ? ಪಟ್ಟಿ ಸರಿ ಉಂಟಾ?"

"ಸರಿ," ಎಂದೆ.

ಜುಬೈದಾ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು. "ಮೋಳೇ, ಮಗಳೇ, ನಾನು ಏರ್‌ಪೋರ್ಟಲ್ಲಿ ಸಾವಿರ ಜನ ಸುಳ್ಳರನ್ನು ನೋಡಿದ್ದೇನೆ. ನಿನ್ನಷ್ಟು ಕೆಟ್ಟದಾಗಿ ಸುಳ್ಳು ಹೇಳುವವರು ಸಿಕ್ಲಿಲ್ಲ. ನಡಿ, ಆಟೋ ಹಿಡಿಯುವ."

*

ಮೈದಾನದ ಮೂರನೆಯ ಅಂಕಣಕ್ಕೆ ಪೊಲೀಸರು ಹಳದಿ ಪಟ್ಟಿ ಕಟ್ಟಿದ್ದರು. ಒಬ್ಬ ಪೇದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ. ಪಕ್ಕದ ನಾಲ್ಕನೆಯ ಅಂಕಣದಲ್ಲಿ ಹಸಿರು ಚಾಪೆ, ಚೆಂಡಿನ ಬುಟ್ಟಿ, ಸೊಂಟದೆತ್ತರದ ಕಂಬದ ಮೇಲೆ ನಮ್ಮ ಕ್ಯಾಮೆರಾ. ಚಾಪೆಗಳ ಆಚೆಗೆ ಇನ್ನೂರು ಮೀಟರು ಹುಲ್ಲು, ಅದರ ಕೊನೆಯಲ್ಲಿ ಬಲೆ.

ಧನಶ್ರೀ ಕಂಪನಿಯ ಕಾರಿನಲ್ಲಿ ಆಗಲೇ ಬಂದಿದ್ದಳು. ಎದೆಗೆ ಫೈಲು ಅವಚಿಕೊಂಡಿದ್ದಳು. ಅವಳ ಹಿಂದೆ ಕಂಪನಿಯ ಮಾಲೀಕ ಕಾರ್ತಿಕೇಯ, ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹಿಡಿದು ನಿಂತಿದ್ದರು. ಅವರು ಆರನೆಯ ಮಹಡಿಗೆ ಬರುವುದು ಅಪರೂಪ. ಬಂದಾಗಲೂ ಗಾಜಿನ ಕೋಣೆಯಾಚೆಯಿಂದ ನಾನು ಅವರ ಬೆನ್ನನ್ನಷ್ಟೇ ನೋಡಿದ್ದೆ.

"ಒಂಬತ್ತು ಗಂಟೆ ಅಂತ ಹೇಳಿದ್ದೆ," ಎಂದಳು ಧನಶ್ರೀ. "ಟ್ರೈನಲ್ಲೇ ಬರ್ತೀನಿ ಅಂತ ಹಟ ಬೇರೆ. ಇವ್ರು ಯಾರು?"

"ನನಗೆ ಬಾಯಿ ಉಂಟು, ನನ್ನನ್ನೇ ಕೇಳಿ," ಎಂದರು ಜುಬೈದಾ. "ಸಮರ್ಥನ ವಕೀಲರ ಕಡೆಯವಳು. ಸಹಿ ಆಗುವಾಗ ನಾನು ಇರ್ಬಹುದು ಅಂತ ಇನ್‌ಸ್ಪೆಕ್ಟರ್ ಬರೆದು ಕೊಟ್ಟಿದ್ದಾರೆ. ಓದ್ತೀರಾ, ನಾನೇ ಓದ್ಲಾ?"

"ಸಿಂಚನಾ, ನೀನು ಇವ್ರ ಜೊತೆ ಬಂದಿದ್ದಾ? ನಿನಗೇನಾದ್ರೂ ತಲೆ ಇದ್ಯಾ? ಕಂಪನಿ ಡೇಟಾ ಬಗ್ಗೆ ಹೊರಗಿನವ್ರ ಹತ್ರ ಒಂದಕ್ಷರ ಆಡಿದ್ರೂ ಏನಾಗುತ್ತೆ ಅಂತ ಅಗ್ರಿಮೆಂಟಲ್ಲಿ ಓದಿದೀಯ ತಾನೇ?"

"ಓದಿದೀನಿ."

"ಬರೆದಿಟ್ಕೊಂಡ್ರೂ ಅಷ್ಟೇ."

ನನ್ನ ಕೈ ಚೀಲವನ್ನು ಒತ್ತಿ ಹಿಡಿಯಿತು. ನಾನು ಮಧ್ಯಾಹ್ನ ಒಬ್ಬಳೇ ಕೂತು ದಿನಚರಿ ಬರೆಯುವುದನ್ನು ಅವಳು ನೋಡಿದ್ದಾಳೆ ಎಂದು ಆಗ ತಿಳಿಯಿತು.

"ಇರ್ಲಿ ಬಿಡಿ ಧನಶ್ರೀ," ಎಂದರು ಕಾರ್ತಿಕೇಯ. ಮೃದು ಧ್ವನಿ, ಮೈಸೂರಿನ ಮಾತು. "ಮೇಡಂ ನೋಡ್ಲಿ. ಮುಚ್ಚಿಡೋದೇನಿದೆ? ಸಿಂಚನಾ, ಬನ್ನಿ. ಕ್ಯಾಮೆರಾ ಎಲ್ಲಿದೆ, ಎಷ್ಟು ದೂರದಿಂದ ಹಿಡಿಯುತ್ತೆ ಅಂತ ಒಂದ್ಸಲ ನೋಡ್ಕೊಂಡು ಸಹಿ ಮಾಡಿಬಿಡಿ. ಹನ್ನೆರಡರೊಳಗೆ ಸ್ಟೇಷನ್ನಿಗೆ ಕೊಡ್ಬೇಕು."

ಅವರು ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕಾಫಿ ಯಾವಾಗಲೋ ಮುಗಿದಿತ್ತು.

ಧನಶ್ರೀ ಫೈಲು ತೆರೆದಳು. ಮೂರು ಪುಟ. ಕೊನೆಯಲ್ಲಿ ಎರಡು ಹೆಸರು, ಅವಳದರ ಮೇಲೆ ಸಹಿ ಬಿದ್ದಿತ್ತು.

"ತಡೀರಿ," ಎಂದರು ಜುಬೈದಾ. "ಕೈ ಸಮ ಇತ್ತು ಅಂತ ಬರೆದಿದ್ದೀರಿ. ನಾನು ದಡ್ಡಿ, ನನಗೆ ಅರ್ಥ ಆಗ್ಲಿಲ್ಲ. ಹೊಡ್ದು ತೋರಿಸಿ."

"ನಾನು ಆಡಲ್ಲ," ಎಂದಳು ಧನಶ್ರೀ.

"ಆಡುದಿಲ್ವಾ? ಮತ್ತೆ ಇನ್ನೊಬ್ಬರ ಕೈ ಸಮ ಅಂತ ಹೇಗೆ ಗೊತ್ತಾಯ್ತು?"

"ಅದಕ್ಕೆ ಮ್ಯಾನ್ಯುಯಲ್ ಇದೆ. ಚಿತ್ರ ಇದೆ. ಟ್ರೈನಿಂಗ್ ಆಗಿದೆ."

"ಓ, ಪುಸ್ತಕ ಓದಿ ಈಜು ಕಲ್ತವರ ಹಾಗೆ."

"ನೋಡಿ ಮೇಡಂ, ಮರ್ಯಾದೆಯಾಗಿ ಮಾತಾಡಿ!"

"ಮರ್ಯಾದೆಯಾಗಿಯೇ ಕೇಳ್ತೇನೆ. ಇವಳು ಮೊದಲು ತುಂಬಿದ್ದನ್ನು ನೀವು ತಿದ್ದಿದ್ದೀರಿ ಅಂತ ನಿಮ್ಮದೇ ಯಂತ್ರದ ದಾಖಲೆಯಲ್ಲಿ ಉಂಟು. ಎಂತ ತುಂಬಿದ್ದಳು ಅಂತ ಮಾತ್ರ ಇಲ್ಲ, ಅಳಿಸಿ ಹೋಗಿದೆ. ಬೆಳಿಗ್ಗೆ ಎದ್ದು ನಾಲ್ಕು ಸೆಕೆಂಡಿನ ಒಂದೇ ಒಂದು ತುಣುಕನ್ನು ನೀವು ತಿದ್ದಲಿಕ್ಕೆ ಹೋದದ್ದು ಯಾಕೆ?"

ಧನಶ್ರೀಯ ಕಣ್ಣು ಅರೆಕ್ಷಣ ಕಾರ್ತಿಕೇಯ ಅವರ ಕಡೆಗೆ ಸರಿದು ವಾಪಸು ಬಂತು.

"ರಿವ್ಯೂ ಪಟ್ಟೀಲಿ ಬಂದಿತ್ತು," ಎಂದಳು. "ಪಟ್ಟೀಲಿ ಬಂದಿದ್ದನ್ನ ನೋಡೋದು ನನ್ನ ಕೆಲಸ."

"ಪಟ್ಟಿ ಮಾಡುದು ಯಾರು?"

"ಮೇಡಂ," ಎಂದು ಕಾರ್ತಿಕೇಯ ನಕ್ಕರು, "ಸಹಿಗೆ ಬಂದವರಿಗೆ ಅಡ್ಡ ಪ್ರಶ್ನೆ ಹಾಕೋದಕ್ಕೆ ಕೋರ್ಟ್ ಇದೆ."

"ಹಾಗಾದ್ರೆ ನೀವೇ ಹೊಡ್ದು ತೋರಿಸಿ ಸಾರ್. ಯಂತ್ರ ನಿಮ್ಮದಲ್ವಾ?"

"ನಾನು ಎರಡು ವರ್ಷದಿಂದ ಕ್ಲಬ್ ಹಿಡಿದಿಲ್ಲ. ಭುಜದ ತೊಂದರೆ."

"ಓ." ಜುಬೈದಾ ಕೊಡೆಯ ತುದಿಯಿಂದ ಚಾಪೆಯನ್ನು ಕುಟ್ಟಿದರು. "ಹಯವದನ ಸಮರ್ಥನ ಅಕ್ಕನ ಹತ್ರ ಹೇಳಿದ್ರಂತೆ, ಯಂತ್ರ ಮಾಡಿದವನಿಗೇ ಕೋಲು ಹಿಡಿಯಲಿಕ್ಕೆ ಬರುದಿಲ್ಲ, ಹುಡುಗರ ಕೈಯನ್ನೆಲ್ಲ ಹಾಳು ಮಾಡ್ತಾನೆ ಅಂತ. ಈ ಯಂತ್ರ ನಮ್ಮ ಮೈದಾನಕ್ಕೆ ಬೇಡ ಅಂತ ಬರೆದು ಕೊಡುವವರಿದ್ರಂತೆ. ಅಷ್ಟರಲ್ಲಿ ಪಾಪ, ತಲೆಗೆ ಬಿತ್ತು."

ಪೇದೆ ಪೇಪರು ಮಡಚಿದ. ಕನ್ನಡ ತಿಳಿಯದಿದ್ದರೂ ಧ್ವನಿ ತಿಳಿದಿತ್ತು.

ಕಾರ್ತಿಕೇಯ ಅವರ ಮುಖ ಹೇಗಾಯಿತೋ ನಾನು ನೋಡಲಿಲ್ಲ. ಅವರ ಕೈ ನೋಡಿದೆ. ಫ್ಲಾಸ್ಕಿನ ಮುಚ್ಚಳವನ್ನು ಕಟ್ಟೆಯ ಮೇಲಿಟ್ಟ ಆ ಕೈಯ ಗೆಣ್ಣುಗಳು ಬೆಳ್ಳಗಾಗಿದ್ದವು.

"ಹಯವದನ ಹಳೇ ಕಾಲದವರು," ಎಂದರು. "ಸ್ಕೇಲು, ದಾರ, ಟವೆಲ್ಲು. ಅಷ್ಟೇ ಅವರ ವಿಜ್ಞಾನ."

"ಆದ್ರೆ ಅವರಿಗೆ ಹೊಡೀಲಿಕ್ಕೆ ಬರ್ತಿತ್ತು."

ಕಾರ್ತಿಕೇಯ ಕಟ್ಟೆಗೆ ಒರಗಿಸಿದ್ದ ಗಾಲ್ಫ್ ಚೀಲದಿಂದ ಒಂದು ಕೋಲನ್ನು ಎಳೆದರು. ಕೈಗವಸು ಹಾಕಲಿಲ್ಲ. ಚಾಪೆಯ ಮೇಲೆ ನಿಂತು, ಪಾಠ ಮಾಡುವವರ ಹಾಗೆ, ತುಂಬ ನಿಧಾನವಾಗಿ ಕೋಲನ್ನು ಎತ್ತಿದರು.

"ನೋಡಿ. ಇಲ್ಲಿ ಮಣಿಕಟ್ಟು ಮಡಚಿತು. ಇಲ್ಲಿ, ಮೇಲೆ, ಎಡಗೈ ಸಮ. ಗೆರೆ ಎಳೆದ ಹಾಗೆ. ಬಲಗೈ ಹಿಂದಕ್ಕೆ ಬಾಗಿದೆ, ತಟ್ಟೆ ಹೊತ್ತವರ ಥರ. ಈಗ ಕೆಳಗೆ. ಚೆಂಡಿಗಿಂತ ಕೈ ಮುಂದೆ. ಆಮೇಲೆ ಬಿಡುಗಡೆ. ಅರ್ಥವಾಯ್ತಾ?"

ಚೆನ್ನಾಗಿತ್ತು. ಮ್ಯಾನ್ಯುಯಲ್ಲಿನ ಚಿತ್ರದಂತಿತ್ತು. ಧನಶ್ರೀ ಗೆದ್ದವಳ ಹಾಗೆ ನನ್ನನ್ನು ನೋಡಿದಳು.

"ಚಂದ ಉಂಟು," ಎಂದರು ಜುಬೈದಾ. "ಆದ್ರೆ ಹಿಟ್ಟು ತಿರುವಿದ ಹಾಗಾಯ್ತು. ಇಷ್ಟು ಮೆಲ್ಲಗೆ ಯಾರೂ ಯಾರ ತಲೆಗೂ ಹೊಡೆಯುದಿಲ್ಲ. ಚೆಂಡಿಟ್ಟು ಹೊಡೀರಿ. ಆಗುದಿಲ್ಲ ಅಂದ್ರೆ ಬೇಡ. ಭುಜ ಅಲ್ವಾ, ಪಾಪ."

ಅದು ಬಲೆ ಎಂದು ನನಗೂ ಗೊತ್ತಾಯಿತು. ಕಾರ್ತಿಕೇಯ ಅವರಿಗೂ ಗೊತ್ತಾಗಿರಬೇಕು. ಆದರೂ ಕಾಲಿನಿಂದ ಒಂದು ಚೆಂಡನ್ನು ಎಳೆದುಕೊಂಡರು.

ನಿಧಾನದಲ್ಲಿ ಮಣಿಕಟ್ಟು ನಾವು ಹೇಳಿದ್ದನ್ನು ಕೇಳುತ್ತದೆ. ವೇಗದಲ್ಲಿ ಕೇಳುವುದಿಲ್ಲ. ಇದು ಯಾವ ಮ್ಯಾನ್ಯುಯಲ್ಲಿನಲ್ಲೂ ಇಲ್ಲ, ಸಾವಿರಾರು ಕೈಗಳನ್ನು ನೋಡಿ ನಾನು ಕಲಿತದ್ದು. ಒಂದು ಸೆಕೆಂಡಿನೊಳಗೆ ಕೋಲು ಮೇಲೆ ಹೋಗಿ ಕೆಳಗೆ ಬರಬೇಕು. ಅಷ್ಟರಲ್ಲಿ ಯೋಚಿಸಲು ಯಾರಿಗೂ ಸಮಯವಿಲ್ಲ. ಕೈ ತನಗೆ ಅಭ್ಯಾಸವಾದದ್ದನ್ನೇ ಮಾಡುತ್ತದೆ. ಸಿಟ್ಟಿನಲ್ಲಿದ್ದರಂತೂ ಹೇಳುವುದೇ ಬೇಡ.

ಕೋಲು ಮೇಲೆ ಹೋಯಿತು.

ಎಡ ಮಣಿಕಟ್ಟು ಹಿಂದಕ್ಕೆ ಬಾಗಿ ಕುಳಿ ಬಿತ್ತು. ಆಳವಾದ ಬಟ್ಟಲು.

ತುತ್ತತುದಿಯಲ್ಲಿ, ಇಳಿಯುವ ಮೊದಲು, ಕಿರುಬೆರಳು ಎದ್ದಿತು. ಬಿಸಿ ಲೋಟ ಮುಟ್ಟಿದ ಹಾಗೆ.

ಮತ್ತೆ ಹಿಡಿಯಿತು.

ಠಪ್ಪೆಂದು ಸದ್ದಾಯಿತು. ಚೆಂಡು ನೇರವಾಗಿ ಹೊರಟು, ಮನಸ್ಸು ಬದಲಿಸಿದಂತೆ ಬಲಕ್ಕೆ ಓಡಿ, ಬಲೆಯ ಮೂಲೆಗೆ ಬಿತ್ತು.

ಮುನ್ನೂರ ಹನ್ನೆರಡು ಸಲ ನೋಡಿದ ಕೈಗೆ ಮೊದಲ ಬಾರಿ ಒಂದು ಭುಜ, ಒಂದು ಕುತ್ತಿಗೆ, ಒಂದು ಮುಖ ಇತ್ತು. ಎರಡು ವರ್ಷದಿಂದ ಕ್ಲಬ್ ಹಿಡಿದಿಲ್ಲವಂತೆ! ಹದಿನೇಳರ ಕೊನೆಯ ತುಣುಕು ಕಳೆದ ತಿಂಗಳ ಎಂಟನೆಯ ತಾರೀಖಿನದು. ನಾನೇ ಗುರುತು ಹಾಕಿದ್ದೆ.

"ಬಲಕ್ಕೆ ಹೋಯ್ತಲ್ಲ," ಎಂದರು ಜುಬೈದಾ, ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡುತ್ತ. "ಕೈ ಸಮ ಇದ್ರೆ ನೇರ ಹೋಗ್ತದೆ ಅಂತ ಯಾರೋ ಹೇಳಿದ ಹಾಗಿತ್ತು."

"ಅಭ್ಯಾಸ ತಪ್ಪಿದೆ." ಕಾರ್ತಿಕೇಯ ಅವರ ಉಸಿರು ಏರಿತ್ತು. "ನಾಟಕ ಸಾಕು. ಧನಶ್ರೀ, ಪೆನ್ನು ಕೊಡಿ."

ಅವರು ಕೋಲನ್ನು ಕೆಳಗಿಡಲಿಲ್ಲ. ಅದನ್ನು ಎಡಗೈಯಲ್ಲಿ ಊರುಗೋಲಿನ ಹಾಗೆ ಹಿಡಿದುಕೊಂಡೇ, ಬಲಗೈಯಲ್ಲಿ ಪೆನ್ನು ತೆಗೆದುಕೊಂಡು ನನ್ನತ್ತ ಚಾಚಿದರು.

"ಸಿಂಚನಾ, ಸಹಿ ಮಾಡಿ."

ಪೆನ್ನು ನನ್ನ ಬೆರಳಿಗೆ ಬಂತು. ಅದೂ ತಾನಾಗಿಯೇ. ಕೊಟ್ಟರೆ ತೆಗೆದುಕೊಳ್ಳುತ್ತದೆ ನನ್ನ ಕೈ. ಅದರ ಅಭ್ಯಾಸ ಅದು.

ಫೈಲಿನ ಮೇಲೆ ಅಚ್ಚಾಗಿತ್ತು: "ಮೇಲ್ಕಂಡ ದೃಶ್ಯದಲ್ಲಿ ಎಡ ಮಣಿಕಟ್ಟು ಸಮವಾಗಿತ್ತೆಂದು ನಾನು ಸ್ವತಃ ನೋಡಿ ದೃಢೀಕರಿಸುತ್ತೇನೆ." ಕೆಳಗೆ ನನ್ನ ಹೆಸರು. ಹೆಸರಿನ ಮುಂದೆ ಖಾಲಿ ಗೆರೆ.

ಒಂಬತ್ತನೆಯವನ ಕೈಗವಸು ನೆನಪಾಯಿತು. ಸ್ಕೇಲು ತೂರಿಸಿ ತೂರಿಸಿ ಮಣಿಕಟ್ಟಿನ ಪಟ್ಟಿ ಸಡಿಲವಾಗಿತ್ತು. ಪ್ರತಿ ಏಟಿಗೂ ಮೊದಲು ಅವನು ಅದನ್ನು ಎರಡು ಸಲ ಒತ್ತಿ ಅಂಟಿಸುತ್ತಿದ್ದ. ಆ ವಿಡಿಯೋದ ಕೈಗವಸು ಹೊಚ್ಚಹೊಸದು. ಅದನ್ನು ಯಾರೂ ಒತ್ತಿ ನೋಡಿರಲಿಲ್ಲ.

"ಏನ್ ಯೋಚನೆ?" ಎಂದಳು ಧನಶ್ರೀ. "ಹನ್ನೊಂದು ದಿನದ ಹಿಂದೆ ಒಪ್ಪಿದೆ ಅಂತ ಒತ್ತಿದ್ದು ನೀನೇ ತಾನೇ? ನಾನೇನು ನಿನ್ನ ಬೆರಳು ಹಿಡಿದು ಒತ್ತಿಸಿದ್ನಾ?"

"ಇಲ್ಲ."

"ಮತ್ತೆ? ಹಾಕು."

ಇಷ್ಟು ಹೊತ್ತು ಮಾತಾಡಿದ ಜುಬೈದಾ ಈಗ ಯಾಕೆ ಸುಮ್ಮನಿದ್ದಾರೆ ಎಂದು ನನಗೆ ಅವರ ಮೇಲೆ ಸಿಟ್ಟು ಬಂತು. ನನ್ನ ಪರವಾಗಿ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಹೇಳಬಲ್ಲವರು ಆ ಚಾಪೆಯ ಸುತ್ತ ನಾನಲ್ಲದೆ ಇನ್ಯಾರೂ ಇರಲಿಲ್ಲ.

ಪೆನ್ನಿನ ಮುಚ್ಚಳ ಹಾಕಿ, ಅದನ್ನು ಫೈಲಿನ ಮೇಲಿಟ್ಟೆ.

"ಏನಿದು?" ಎಂದಳು ಧನಶ್ರೀ.

ಕಾರ್ತಿಕೇಯ ಒಂದು ಹೆಜ್ಜೆ ಹತ್ತಿರ ಬಂದರು. ಧ್ವನಿ 'ಬನ್ನಿ' ಎಂದಾಗಿನಷ್ಟೇ ಮೃದುವಾಗಿತ್ತು.

"ಸಿಂಚನಾ, ನಿಮಗೆ ಒಳ್ಳೇದಾಗ್ಲಿ ಅಂತ ಹೇಳ್ತಿದೀನಿ. ಒಂದ್ಸಲ ಯೋಚನೆ ಮಾಡಿ. ದಾಖಲೇಲಿ ಇರೋದು ನಿಮ್ಮ ಒಪ್ಪಿಗೆ. ಅದು ತಪ್ಪು ಅಂತ ಈಗ ಹೇಳಿದ್ರೆ ಏನರ್ಥ? ಒಬ್ಬ ನಿರಪರಾಧೀನ ಜೈಲಿಗೆ ಕಳಿಸಿದ್ದು ಯಾರು? ಧನಶ್ರೀ ಅಲ್ಲ, ಯಂತ್ರ ಅಲ್ಲ, ನಾನೂ ಅಲ್ಲ. ನೀವು. ಪೊಲೀಸರು ನಿಮ್ಮನ್ನ ಕೇಳ್ತಾರೆ. ಪಾಲಾರಿವಟ್ಟಂ ಬ್ಯಾಂಕಲ್ಲಿ ಕೂತಿರೋ ನಿಮ್ಮಪ್ಪ ವಿಠಲ ಅವರನ್ನೂ ಕೇಳ್ತಾರೆ. ಇಷ್ಟೆಲ್ಲ ಬೇಕಾ ನಿಮಗೆ? ನಿಮ್ಮಂಥ ಹುಡುಗಿಗೆ?"

ಅವರಿಗೆ ಅಪ್ಪನ ಹೆಸರು ಗೊತ್ತಿತ್ತು. ಅಪ್ಪ ಕೂರುವ ಜಾಗವೂ ಗೊತ್ತಿತ್ತು.

ನಾನು ತಲೆ ಎತ್ತಲಿಲ್ಲ. ಕೋಲಿನ ಹಿಡಿಯ ಮೇಲಿದ್ದ ಅವರ ಎಡಗೈಯನ್ನೇ ನೋಡುತ್ತಿದ್ದೆ. ನಾನು ನೋಡುತ್ತಿರುವಂತೆಯೇ ಕಿರುಬೆರಳು ಮೆಲ್ಲಗೆ ಎದ್ದಿತು. ಗಾಳಿಯಲ್ಲಿ ನಿಂತಿತು.

ಅವರೂ ನೋಡಿದರು. ಮೊದಲು ತಮ್ಮ ಬೆರಳನ್ನು, ಆಮೇಲೆ ನನ್ನ ಕಣ್ಣು ನೆಟ್ಟ ಜಾಗವನ್ನು. ಬೆರಳು ಥಟ್ಟನೆ ಇಳಿದು ಕೋಲನ್ನು ಬಿಗಿಯಾಗಿ ಹಿಡಿಯಿತು. ಐದೂ ಬೆರಳು. ಆ ಹಿಡಿತ ಆಟದ್ದಾಗಿರಲಿಲ್ಲ.

ನಮ್ಮ ನಡುವೆ ಇದ್ದದ್ದು ಒಂದು ಚಾಪೆಯ ಅಂತರ. ಪೇದೆಯ ಕುರ್ಚಿ ಹತ್ತು ಹೆಜ್ಜೆ ದೂರವಿತ್ತು.

ಧ್ವನಿ ಬಂತು. ಅದು ನನ್ನದೇ ಎಂದು ನಂಬಲು ಕಷ್ಟವಾಯಿತು, ಅಷ್ಟು ದೊಡ್ಡದಾಗಿತ್ತು.

"ಹೌದು ಸರ್, ಅವರನ್ನ ಜೈಲಿಗೆ ಕಳಿಸಿದ್ದು ನಾನೇ. ನಾನು ನೋಡಿದ್ದು ಬಾಗಿದ ಕೈ. ಅದು ಸಮ ಅಂತ ಒಪ್ಪಿದ್ದು ಸುಳ್ಳು."